ತಲೆ ಎಣಿಸಿ ಗೆಲ್ಲುವ ಧರ್ಮ

ಆಟವೆಂದರೆ ಬರೀ ಕಾಲಹರಣವಲ್ಲ. ಮಗುವಿನ ಆಟದಲ್ಲಿ ಮನೆಯ ಹಿರಿಯರ ನಡೆ ಕಾಣುತ್ತದೆ. ಒಂದು ಕಾಲದ ಜನರ ಆಟದಲ್ಲಿ ಆ ಕಾಲದ ಮನಸ್ಸು ಕಾಣುತ್ತದೆ. ಚದುರಂಗವು ರಾಜರ ಯುದ್ಧನೀತಿಯನ್ನು ಮಣೆಯ ಮೇಲೆ ಇಟ್ಟಿತು. ಪರಮಪದದ ಆಟವು ಪಾಪಪುಣ್ಯಗಳನ್ನು ಹಾವು ಏಣಿಗಳನ್ನಾಗಿ ಮಾಡಿ ಮಕ್ಕಳ ಮುಂದೆ ಹಾಸಿತು. ಇಂದಿನ ಗಣಕಯಂತ್ರದ ಆಟಗಳನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಹಾಳು ಆಟವೆಂದು ಮುಖ ತಿರುಗಿಸುವುದು ಸುಲಭ. ಅದರ ಒಳಗೇನಿದೆ ಎಂದು ತಿಳಿದು ಮಾತನಾಡುವುದು ಹಿರಿಯರ ಕರ್ತವ್ಯ.

'ಸಿವಿಲೈಜೇಶನ್' ಎಂಬ ಆಟವನ್ನು ನಮ್ಮ ಪ್ರಸಾದನಿಲಯದ ವಿದ್ಯಾರ್ಥಿಗಳು ನಮಗೆ ವಿವರಿಸಿ ತೋರಿಸಿದರು. ಸಿಡ್ ಮೈಯರ್ ಅವರ ಹೆಸರಿನೊಡನೆ 1991ರಲ್ಲಿ ಮೊದಲು ಬಂದ ಈ ಆಟದ ಆರನೆಯ ಆವೃತ್ತಿ 2016ರಲ್ಲಿ ಹೊರಬಂದಿತು. ಇದರಲ್ಲಿ ಅವಸರವಿಲ್ಲ, ಚದುರಂಗದಂತೆ ಸರದಿಯ ಪ್ರಕಾರ ನಡೆ. ಆಟಗಾರನು ಒಂದು ಜನಾಂಗದ ದೊರೆಯಾಗಿ ಕ್ರಿ.ಪೂ. 4000ದಲ್ಲಿ ಒಂದು ಊರು ಕಟ್ಟಿ ಹೊರಡುತ್ತಾನೆ. ಗೆಲ್ಲಲು ಹಲವು ದಾರಿಗಳಿವೆ. ಅವುಗಳಲ್ಲಿ ಧರ್ಮವೂ ಒಂದು. ಪ್ರತಿಯೊಂದು ನಾಗರಿಕತೆಯ ಅರ್ಧಕ್ಕಿಂತ ಹೆಚ್ಚು ನಗರಗಳು ತನ್ನ ಧರ್ಮವನ್ನು ಅನುಸರಿಸುವಂತೆ ಮಾಡಿದವನು ಗೆದ್ದಂತೆ.

ಇಲ್ಲಿ ಶ್ರದ್ಧೆ ಎಂಬುದು ಒಂದು ನಾಣ್ಯ. ಅದು ಇಪ್ಪತ್ತೈದು ಕೂಡಿದಾಗ ಒಂದು ದೈವವನ್ನು ಆರಿಸಿಕೊಳ್ಳಬಹುದು. ಆಮೇಲೆ ಒಬ್ಬ ಪ್ರವಾದಿ ದೊರೆತರೆ ಧರ್ಮಸ್ಥಾಪನೆ. ಕೂಡಿಟ್ಟ ಶ್ರದ್ಧೆಯನ್ನು ಖರ್ಚು ಮಾಡಿ ಪ್ರಚಾರಕರನ್ನು ಕೊಳ್ಳಬೇಕು. ಒಬ್ಬ ಪ್ರಚಾರಕನಿಗೆ ಇಂತಿಷ್ಟೇ ಬಾರಿ ಉಪದೇಶಿಸುವ ಶಕ್ತಿ. ಅದು ಮುಗಿದೊಡನೆ ಅವನು ಕಾಣೆಯಾಗುತ್ತಾನೆ. ಎರಡು ಧರ್ಮಗಳ ಪ್ರಚಾರಕರು ಎದುರಾದರೆ ಆಕಾಶದಿಂದ ಮಿಂಚು ಹೊಡೆಯುತ್ತದೆ, ಒಬ್ಬನು ಅಳಿಯುತ್ತಾನೆ, ಗೆದ್ದವನ ಮತ ಸುತ್ತಲಿನ ಊರುಗಳಲ್ಲಿ ಹಬ್ಬುತ್ತದೆ. ಈ ಎಲ್ಲ ವ್ಯವಹಾರದಲ್ಲಿ ಪ್ರಜೆಯು ಒಂದು ಮಾತನ್ನೂ ಆಡುವುದಿಲ್ಲ. 'ನನಗೇಕೆ ಈ ಧರ್ಮ?' ಎಂದು ಕೇಳುವ ನಾಲಗೆಯನ್ನು ಆಟ ಅವನಿಗೆ ಕೊಟ್ಟಿಲ್ಲ.

ಧರ್ಮವಿಸ್ತಾರವನ್ನೇ ಹಿಡಿದು ಆಡುವವರಿಗೆ ಇಷ್ಟವಾದ ಪಕ್ಷ ಎರಡನೆಯ ಫಿಲಿಪ್ ದೊರೆಯ ಸ್ಪೇನ್. ಅನ್ಯಧರ್ಮದವರ ಮೇಲೆ ಹೋರಾಡುವಾಗ ಅವನ ಸೈನ್ಯಕ್ಕೆ ಹೆಚ್ಚಿನ ಬಲ. 'ಕಾಂಕಿಸ್ಟಡೋರ್' ಎಂಬ ಅವನ ಸೈನಿಕನ ಜೊತೆಗೆ ಪ್ರಚಾರಕನೊಬ್ಬನಿದ್ದರೆ ಬಲ ಇನ್ನೂ ಇಮ್ಮಡಿಸಿದಂತೆ. ಆ ಸೈನಿಕ ಗೆದ್ದ ನಗರ ಗೆದ್ದ ಕ್ಷಣದಲ್ಲೇ ಸ್ಪೇನಿನ ಧರ್ಮಕ್ಕೆ ಸೇರುತ್ತದೆ. ಖಡ್ಗ ಮುಂದೆ, ಗ್ರಂಥ ಹಿಂದೆ. ಇಬ್ಬರೂ ಒಂದೇ ಮನೆಯಲ್ಲಿ.

ಇದು ಬರೀ ಕಲ್ಪನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. 1532ರ ನವೆಂಬರ್ 16ರಂದು ಪೆರು ದೇಶದ ಕಹಮಾರ್ಕದಲ್ಲಿ ಪಿಸಾರೋ ಎಂಬ ದಂಡನಾಯಕ ಇನ್ನೂರಕ್ಕೂ ಕಡಿಮೆ ಜನರೊಡನೆ ಇಂಕಾ ದೊರೆ ಅತಾಹುಆಲ್ಪನನ್ನು ಸೆರೆಹಿಡಿದ. ಮೊದಲು ಒಬ್ಬ ಪಾದ್ರಿ ದೊರೆಯ ಕೈಗೆ ಪವಿತ್ರಗ್ರಂಥ ನೀಡಿ ತನ್ನ ಧರ್ಮಕ್ಕೆ ಬರಲು ಹೇಳಿದ. ಅರ್ಥವಾಗದ ವಸ್ತುವನ್ನು ದೊರೆ ನೆಲಕ್ಕೆ ಎಸೆದ. ಕೂಡಲೇ ತುಪಾಕಿಗಳು ಮೊಳಗಿದವು. ಸಾವಿರಾರು ಜನ ಸತ್ತರು. ಕೋಣೆ ತುಂಬ ಬಂಗಾರ ಕೊಟ್ಟರೂ ದೊರೆಗೆ ಬಿಡುಗಡೆ ಸಿಗಲಿಲ್ಲ. 1533ರಲ್ಲಿ ಅವನಿಗೆ ಜೀವಂತ ಸುಡುವ ಶಿಕ್ಷೆ ವಿಧಿಸಿದರು. ಕೊನೆಯ ಗಳಿಗೆಯಲ್ಲಿ ಅವನು ದೀಕ್ಷಾಸ್ನಾನ ಸ್ವೀಕರಿಸಿದ. ಆದ್ದರಿಂದ ಸುಡದೆ ಕತ್ತು ಬಿಗಿದು ಕೊಂದರು. ಆಟದ ಲೆಕ್ಕದಲ್ಲಿ ಇದೂ ಒಂದು ಮತಾಂತರ, ಇದೂ ಒಂದು ಅಂಕ. ಸದ್ಭಕ್ತರೇ, ಇದನ್ನು ಧರ್ಮದ ಗೆಲುವೆನ್ನಲು ಯಾರ ಬಾಯಿ ಬರುತ್ತದೆ?

ದೋಷ ಕ್ರೈಸ್ತ ಧರ್ಮದ್ದೆಂದು ಯಾರೂ ಭಾವಿಸಬಾರದು. ಅದೇ ಸ್ಪೇನಿನ, ಅದೇ ಧರ್ಮದ ಸಂನ್ಯಾಸಿ ಲಾಸ್ ಕಾಸಾಸ್ 1550-51ರಲ್ಲಿ ವಯ್ಯದೊಲಿದ್ ನಗರದ ಚರ್ಚಾಸಭೆಯಲ್ಲಿ ನಿಂತು, ಆ ಮೂಲನಿವಾಸಿಗಳೂ ವಿವೇಕವುಳ್ಳ ಮನುಷ್ಯರೇ, ಅವರ ಮೇಲೆ ಯುದ್ಧ ಮಾಡಿ ಧರ್ಮ ಹೇರುವುದು ಅನ್ಯಾಯ ಎಂದು ವಾದಿಸಿದರು. ತನ್ನ ದೊರೆಗೇ ತಪ್ಪು ತೋರಿಸುವ ಇಂಥ ಧರ್ಮೋಪದೇಶಕನನ್ನು ಎಷ್ಟು ಶ್ರದ್ಧೆ ಕೂಡಿಟ್ಟರೂ ಈ ಆಟದಲ್ಲಿ ಕೊಳ್ಳಲಾಗದು.

ಆಟದ ಇನ್ನೊಬ್ಬ ದೊರೆ ಆಫ್ರಿಕದ ಕಾಂಗೋದ ಎಂವೆಂಬಾ ಅ ಎನ್‌ಜಿಂಗ. ಅವನು ಸ್ವಂತ ಧರ್ಮ ಸ್ಥಾಪಿಸುವಂತಿಲ್ಲ; ಪರರ ಧರ್ಮ ತನ್ನ ನಗರಗಳಲ್ಲಿ ನೆಲೆಸಿದರೆ ಅದರ ಎಲ್ಲ ಫಲವೂ ಅವನಿಗೆ ಸಿಗುತ್ತದೆ. ಆಟದಲ್ಲಿ ಲಾಭದ ವ್ಯಾಪಾರ. ಚರಿತ್ರೆಯಲ್ಲಿ ನಡೆದದ್ದೇನು? ಅವನು ಪೋರ್ಚುಗೀಸರ ಧರ್ಮವನ್ನು ಮನಸಾರೆ ಒಪ್ಪಿದ. ಅವನ ಮಗನೇ ಬಿಷಪ್ ಆದ. ಆದರೂ 1526ರಲ್ಲಿ ಅವನು ಪೋರ್ಚುಗಲ್ ದೊರೆಗೆ ಪತ್ರ ಬರೆದು, ನಿಮ್ಮ ವರ್ತಕರು ನಮ್ಮ ಪ್ರಜೆಗಳನ್ನು, ನಮ್ಮ ಬಂಧುಗಳನ್ನೂ ಬಿಡದೆ, ಹಿಡಿದು ಮಾರುತ್ತಿದ್ದಾರೆಂದು ದುಃಖ ತೋಡಿಕೊಂಡ. ಧರ್ಮ ಒಂದಾದರೂ ದಾಸ್ಯ ತಪ್ಪಲಿಲ್ಲ. ಸಂಖ್ಯೆ ಬೆಳೆದಲ್ಲಿ ದಯೆಯೂ ಬೆಳೆಯಿತೆಂದು ತಿಳಿಯುವುದು ಎಂಥ ಭ್ರಮೆ!

ಆಟದಲ್ಲಿ ನಮ್ಮ ಭಾರತವೂ ಇದೆ, ಗಾಂಧೀಜಿಯೂ ಇದ್ದಾರೆ. ಧರ್ಮ ಸ್ಥಾಪಿಸಿದ ನಾಡುಗಳು ಶಾಂತಿಯಿಂದಿದ್ದಷ್ಟೂ ಅವರಿಗೆ ಶ್ರದ್ಧೆ ಹೆಚ್ಚು. ಒಂದು ನಗರದಲ್ಲಿ ಹಲವು ಧರ್ಮಗಳ ಜನರಿದ್ದರೆ ಆ ಎಲ್ಲ ಧರ್ಮಗಳ ಫಲವೂ ನಗರಕ್ಕೆ. ಇದನ್ನು ರಚಿಸಿದವರು ಮೆಚ್ಚಿಗೆಗೆ ಪಾತ್ರರು. ಆದರೆ ಧರ್ಮದ ಮೂಲಕ ಗೆಲ್ಲಬೇಕಾದರೆ ಗಾಂಧೀಜಿಯ ಪಕ್ಷ ಹಿಡಿದವನೂ ಕೊನೆಗೆ ಎಲ್ಲರನ್ನೂ ತನ್ನತ್ತ ಎಳೆಯಲೇಬೇಕು. ಕೂಡಿ ಬಾಳುವುದು ಸಾಧನವಾಯಿತೇ ಹೊರತು ಸಾಧ್ಯವಾಗಲಿಲ್ಲ.

ಹಾಗಾದರೆ ಯುವಕರು ಇದನ್ನು ಆಡಬಾರದೇ? ನಾವು ಹಾಗೆ ಹೇಳುವುದಿಲ್ಲ. ಫಿಲಿಪ್ಪನ ಹೆಸರು ಆಟದಲ್ಲಿ ಕಂಡವನು ಚರಿತ್ರೆಯನ್ನು ತೆರೆಯಲಿ. 1563ರಿಂದ 1584ರವರೆಗೆ ಎಸ್ಕೋರಿಯಲ್ ಎಂಬ ಮಹಾಸೌಧವನ್ನು ಕಟ್ಟಿಸಿದ ಆ ದೊರೆ 1557, 1575, 1596ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿದನೆಂದೂ, ಧರ್ಮದ ಹೆಸರಿನಲ್ಲಿ ಬಿಗಿಹಿಡಿದ ಹಾಲೆಂಡ್ ಅವನ ವಂಶದ ಕೈತಪ್ಪಿ ಹೋಯಿತೆಂದೂ ಓದಲಿ. ಆಟ ಪ್ರಶ್ನೆಗೆ ಬಾಗಿಲಾದರೆ ಅದು ವಿದ್ಯೆಯೇ.

ನಮ್ಮ ಆತಂಕ ಪರದೆಯ ಹೊರಗಿನದು. ಉತ್ಸವಕ್ಕೆ ಎಷ್ಟು ಲಕ್ಷ ಜನ ಸೇರಿದರು, ಯಾರ ಮೆರವಣಿಗೆ ಉದ್ದ, ಯಾರ ಶಿಖರ ಎತ್ತರ ಎಂಬ ಲೆಕ್ಕ ಇಂದು ಎಲ್ಲ ಮತಗಳ ಪೀಠಗಳಲ್ಲೂ ನಡೆದಿದೆ. ಕಾವಿ ಧರಿಸಿದವರಿಗೂ ಈ ಎಣಿಕೆಯ ರುಚಿ ಹತ್ತಬಹುದು. ತರುಣನು ಆಡುವುದು ಗಣಕಯಂತ್ರದ ಮುಂದೆ. ಆಟ ಮುಗಿದರೆ ಗುಂಡಿ ಒತ್ತಿ ಏಳುತ್ತಾನೆ. ಸಮಾಜವನ್ನೇ ಮಣೆ ಮಾಡಿಕೊಂಡು, ಭಕ್ತರನ್ನೇ ಕಾಯಿ ಮಾಡಿಕೊಂಡು ಆಡುವವರ ಆಟಕ್ಕೆ ಆ ಗುಂಡಿ ಇಲ್ಲ. ಅಲ್ಲಿ ಬೀಳುವುದು ನಿಜವಾದ ಮನೆ, ಹರಿಯುವುದು ನಿಜವಾದ ರಕ್ತ.

ರೈತನು ರಾಶಿ ಅಳೆಯುತ್ತಾನೆ ನಿಜ. ಆದರೆ ಕಾಳು ಜೊಳ್ಳೋ ಗಟ್ಟಿಯೋ ಎಂದು ಮೊದಲು ತೂರಿ ನೋಡುತ್ತಾನೆ. ಧರ್ಮಕ್ಕೆ ಅಳತೆ ಬೇಕೇಬೇಕೆಂದರೆ ಎಷ್ಟು ಹಸಿದವರು ಉಂಡರು, ಎಷ್ಟು ಹಗೆ ಆರಿತು, ಎಷ್ಟು ಜನ ನಿರ್ಭಯವಾಗಿ ನಿದ್ರಿಸಿದರು ಎಂದು ಅಳೆಯೋಣ. ಅಂಥ ಗೆಲುವಿನಲ್ಲಿ ಸೋತವರು ಯಾರೂ ಇರುವುದಿಲ್ಲ. ಯುವಕರು ಆಡಲಿ, ಓದಲಿ, ವಿವೇಕಿಗಳಾಗಲಿ ಎಂದು ಹಾರೈಸುತ್ತೇವೆ.