ಒಳಗೆ ಹಾಕಿದವನನ್ನು ಕೇಳುವವರು ಯಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದವರೇ, ತೋಟದಲ್ಲಿ ಕಾಯಿ ಕಳುವಾದರೆ ನಮ್ಮ ಮೊದಲ ಅನುಮಾನ ಯಾರ ಮೇಲೆ? ಕಾಯಿ ಕೀಳುವವನ ಮೇಲೆ, ಸುಲಿಯುವವನ ಮೇಲೆ, ಕೂಲಿ ಹುಡುಕಿ ಬಂದ ಹೊರಗಿನವನ ಮೇಲೆ. ಠಾಣೆಗೆ ಫೋನ್ ಹೋಗುತ್ತದೆ, ಜೀಪು ಬರುತ್ತದೆ, ಅವನನ್ನು ಕರೆದೊಯ್ಯುತ್ತದೆ. ಆಮೇಲೆ? ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ತಿಂಗಳುಗಟ್ಟಲೆ ಕಾಯುತ್ತೇವೆ, ಆಗಾಗ ಅಲ್ಲಾಡಿಸಿ ನೀರು ಇಂಗಿತೇ ಎಂದು ನೋಡುತ್ತೇವೆ. ಒಳಗೆ ಹಾಕಿಸಿದ ಮನುಷ್ಯನನ್ನು ಅಷ್ಟಾದರೂ ವಿಚಾರಿಸಿದ್ದೇವೆಯೇ?

ಕೇಳುವ ಬಾಗಿಲೇ ಮುಚ್ಚಿದರೆ ಏನಾಗುತ್ತದೆಂದು ಈ ನಾಡು ಕಂಡಿದೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲೇ ಬಂಧಿತರಾದರು; ಕರ್ನಾಟಕ ಹೈಕೋರ್ಟಿನ ಮೊರೆಹೋದರು. ಹಿಡಿದಿಟ್ಟವನನ್ನು ನ್ಯಾಯಾಲಯದ ಮುಂದೆ ತನ್ನಿ, ಯಾಕೆ ಹಿಡಿದಿರಿ ಹೇಳಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಅದು. ಇಂಥ ಅರ್ಜಿ ಆಲಿಸಲು ತಮಗೆ ಅಧಿಕಾರವಿದೆ ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಬಂದಿಗಳಿಗೆ ಅಂಥ ಅರ್ಜಿ ಹಾಕುವ ಹಕ್ಕೇ ಇಲ್ಲವೆಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರಿಗೆ ಸಲ್ಲಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಕಿರಿಯರೊಬ್ಬರ ಪಾಲಾಯಿತು; ಅವರು ರಾಜೀನಾಮೆ ಕೊಟ್ಟು ಹೊರನಡೆದರು.

ಆ ತೀರ್ಪಿನ ಬೆನ್ನಲ್ಲೇ, ಮೇ ತಿಂಗಳಲ್ಲಿ, ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿದರು. ಆಸ್ತಮಾ ಇದ್ದ ಅವರನ್ನು ಬೆಂಗಳೂರಿನ ಜೈಲು ತಿಂಗಳುಗಟ್ಟಲೆ ಸವೆಸಿತು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದು, ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕನ್ನು ಅಮಾನತಿನಲ್ಲಿಡಬಾರದೆಂದು ಕಟ್ಟು ಹಾಕಿದರು. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟ್ ಸಾರಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. 41 ವರ್ಷ ಬೇಕಾಯಿತು. ಸ್ನೇಹಲತಾ ಅವರಿಗೆ ಅದರಿಂದ ಏನು ಸಿಕ್ಕಿತು?

ಇಂದು ಬಾಗಿಲು ತೆರೆದಿದೆ, ಹೋಗಿ ತಟ್ಟುವವರಿಲ್ಲ. ದೇಶದ ಜೈಲುಗಳಲ್ಲಿರುವ ಸರಿಸುಮಾರು ನಾಲ್ವರಲ್ಲಿ ಮೂವರು ಇನ್ನೂ ತಪ್ಪಿತಸ್ಥರೆಂದು ಸಾಬೀತಾಗದ ವಿಚಾರಣಾಧೀನರು. ಅಂದು ಆ ನಾಯಕರಿಗೆ ವಕೀಲರಿದ್ದರು, ಪತ್ರಿಕೆಗಳಲ್ಲಿ ಹೆಸರಿತ್ತು. ಕಾಯಿ ಸುಲಿಯುವವನಿಗೆ ಯಾರಿದ್ದಾರೆ?

ನಾವಿರಬೇಕು. ನಮ್ಮೂರಿನಿಂದ ಯಾರನ್ನಾದರೂ ಕರೆದೊಯ್ದರೆ ಅಂದೇ ಠಾಣೆಗೆ ಹೋಗಿ ಕೇಳಿ: ಯಾವ ಕೇಸು, ಮನೆಯವರಿಗೆ ತಿಳಿಸಿದಿರಾ? 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಬಂಧನದಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ; ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಅವನೆಲ್ಲಿದ್ದಾನೆಂದೇ ಪೊಲೀಸರು ಹೇಳದಿದ್ದರೆ ಹೇಬಿಯಸ್ ಕಾರ್ಪಸ್ ಅರ್ಜಿ ಇದೆ; ಅದನ್ನು ಅವನೇ ಹಾಕಬೇಕೆಂದಿಲ್ಲ. ಹೆಂಡತಿ ಹಾಕಬಹುದು, ಗೆಳೆಯ ಹಾಕಬಹುದು.

ಕಳ್ಳನನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಕದ್ದಿದ್ದರೆ ಸಾಬೀತಾಗಲಿ, ಶಿಕ್ಷೆಯಾಗಲಿ. ಆದರೆ ಅನುಮಾನವೇ ಶಿಕ್ಷೆಯಾಗುವುದು ಬೇಡ. ಜಾಮೀನು ಮಂಜೂರಾದ ಮೇಲೂ ಜಾಮೀನುದಾರರು ಸಿಗದೆ ಎಷ್ಟೋ ಬಡವರು ಒಳಗೇ ಉಳಿಯುತ್ತಾರೆ. ಅವರಿಗೆ ಗುಂಟೆ ನೆಲವಿಲ್ಲ, ತೋರಿಸಲು ಪಹಣಿಯಿಲ್ಲ. ನಿಮಗಿದೆ. ಬ್ಯಾಂಕಿನ ಸಾಲಕ್ಕೆ ಒಯ್ಯುವ ಆ ಪಹಣಿಯನ್ನು ಒಮ್ಮೆ ನಿಮ್ಮ ತೋಟದಲ್ಲಿ ದುಡಿದವನಿಗಾಗಿ ಕೋರ್ಟಿಗೆ ಒಯ್ಯಿರಿ. ಇವನನ್ನು ನಾನು ಬಲ್ಲೆ, ಇವನ ಹೊಣೆ ನನ್ನದು ಎಂದು ಸಹಿ ಹಾಕಿ.