ಒಂದು ಬೀಜ ತೆಗೆದರೆ ಹೋರಿ ಕೆಲಸಕ್ಕೆ ಬಾರದೇ?

ತಳಿಗೆ ಬಿಡುವ ಹೋರಿಗೆ ಪೆಟ್ಟು ಬಿದ್ದು ಒಂದು ಬದಿಯ ಬೀಜ ತೀರಾ ಕೆಟ್ಟರೆ, ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕೆಂದು ಪಶುವೈದ್ಯರು ಹೇಳುವುದುಂಟು. ‘ಇನ್ನು ಹೋರಿಯೂ ಒಂದೇ, ಎತ್ತೂ ಒಂದೇ’ ಎಂದು ಮಾರಿಬಿಡುವವರಿದ್ದಾರೆ. ಗಾಯ ಮಾಯ್ದ ಕೂಡಲೇ ಹಸುವಿಗೆ ಬಿಡುವವರೂ ಇದ್ದಾರೆ. ಎರಡೂ ತಪ್ಪು ಲೆಕ್ಕ.

ಬೀಜಗಳು ಮೈಯಿಂದ ಹೊರಗೆ ಚೀಲದಲ್ಲಿ ತೂಗಾಡುವುದಕ್ಕೆ ಕಾರಣವಿದೆ. ವೀರ್ಯಾಣು ಸರಿಯಾಗಿ ಬೆಳೆಯಲು ಮೈಶಾಖಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಶಾಖ ಬೇಕು. ಒಂದು ಬದಿ ಊದಿಕೊಂಡು ಕಾವೇರಿದರೆ ಆ ಬಿಸಿ ಪಕ್ಕದ ಒಳ್ಳೆಯ ಬೀಜಕ್ಕೂ ತಟ್ಟುತ್ತದೆ. ಕೆಟ್ಟದ್ದನ್ನು ತೆಗೆಯುವುದು ಉಳಿದದ್ದನ್ನು ಕಾಪಾಡಲಿಕ್ಕೇ. ಉಳಿದ ಬೀಜ ಕ್ರಮೇಣ ತುಸು ದಪ್ಪಗಾಗಿ ಕೊರತೆಯನ್ನು ಒಂದಷ್ಟು ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಕೃತಕ ಗರ್ಭಧಾರಣೆಗೆ ಬಳಸುವ ಒಂದು ಕಡ್ಡಿಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿರುತ್ತವೆ. ಆರೋಗ್ಯವಂತ ಹೋರಿ ಒಂದು ಸಲಕ್ಕೆ ಬಿಡುವುದು ನೂರಾರು ಕೋಟಿ. ಕಡ್ಡಿಯದು ನೇರವಾಗಿ ಗರ್ಭಕೋಶಕ್ಕೆ ಹೋಗುವುದರಿಂದ ಹೋಲಿಕೆ ಪೂರ್ತಿ ಸರಿಯಲ್ಲ, ನಿಜ. ಆದರೂ ಅರ್ಧಕ್ಕಿಳಿದರೂ ಗರ್ಭ ಕಟ್ಟಬಹುದೆಂಬ ಅಂದಾಜು ಸಿಗುತ್ತದೆ. ಹಸುಗಳ ಸಂಖ್ಯೆಯನ್ನು ಮಾತ್ರ ಕಡಿಮೆ ಮಾಡಬೇಕು.

ಹೆಚ್ಚು ಜನ ಎಡವುವುದು ಸಮಯದ ವಿಷಯದಲ್ಲಿ. ಹೊಲಿಗೆ ಎರಡು ವಾರದಲ್ಲಿ ಕೂಡಿಕೊಳ್ಳಬಹುದು. ಆದರೆ ಹೋರಿಯ ಮೈಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಹಿಡಿಯುತ್ತದೆ. ಬೀಜಕ್ಕೆ ಅಂಟಿಕೊಂಡ ನಾಳದಲ್ಲಿ ಬಲಿಯಲು ಇನ್ನೂ ಹತ್ತು ದಿನದಷ್ಟು ಬೇಕು. ಊತ, ಜ್ವರದ ದಿನಗಳಲ್ಲಿ ಹಾಳಾದ ವೀರ್ಯಾಣುಗಳು ಹೊರಬರುವುದು ವಾರಗಳ ನಂತರ. ಹಾಗಾಗಿ ಪೆಟ್ಟು ಬಿದ್ದ ಹೊಸತರಲ್ಲಿ ವೀರ್ಯ ಪರೀಕ್ಷಿಸಿದರೆ, ನಾಳದಲ್ಲಿ ಮೊದಲೇ ಕೂಡಿಟ್ಟ ಒಳ್ಳೆಯ ವೀರ್ಯಾಣುಗಳೇ ಕಂಡು ಮೋಸ ಹೋಗಬಹುದು. ಎರಡು-ಮೂರು ತಿಂಗಳು ಕಾದು, ನಂತರ ಪರೀಕ್ಷೆ ಮಾಡಿಸಬೇಕು. ಸರಿಯಿಲ್ಲವೆಂದರೆ ಮತ್ತೆ ಕಾದು ಇನ್ನೊಮ್ಮೆ ನೋಡಬೇಕು.

‘ಹೋರಿ ಚೆನ್ನಾಗಿ ಹಾರುತ್ತದಲ್ಲ’ ಎಂಬುದು ಸಾಕ್ಷಿಯಲ್ಲ. ಹಾರುವ ಹುಮ್ಮಸ್ಸು ಹಾರ್ಮೋನಿನದು, ಅದಕ್ಕೆ ಒಂದು ಬೀಜವೇ ಸಾಕು. ಗರ್ಭ ನಿಲ್ಲದ ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತಲೇ ಇರುತ್ತದೆ, ಹಾಲಿನ ದಿನಗಳು ಹೋಗುತ್ತವೆ, ಬೈಗುಳ ಮಾತ್ರ ಹಸುವಿಗೆ!

ಒಂದು ವಿಷಯದಲ್ಲಿ ನಾವು ಬೇರೆ ಮಾತು ಹೇಳುತ್ತೇವೆ. ಹುಟ್ಟಿನಿಂದಲೇ ಒಂದು ಬೀಜ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ಉಳಿದಿದ್ದರೆ, ಅದು ಕರುಗಳಿಗೂ ದಾಟಬಹುದಾದ ದೋಷ. ಅಂಥ ಹೋರಿಗೆ ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿರಲಿ, ತಳಿಗೆ ಬಿಡಬಾರದು.