ಆಂಟೆನಾ ಮಾಳಿಗೆ ಮೇಲೆ, ಬೀಗದ ಕೈ ಯಾರ ಹತ್ರ?

ರಾತ್ರಿ ಒಂಬತ್ತೂವರೆ. ಅಲ್ಯೂಮಿನಿಯಂ ಕಡ್ಡಿ ಕತ್ತರಿಸಿ ನಾವೇ ಮಾಡಿದ ಯಾಗಿ ಆಂಟೆನಾ ಕಾಲೇಜಿನ ಮಾಳಿಗೆ ಮೇಲೆ ನಿಂತಿದೆ. ಇನ್ನು ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಉಪಗ್ರಹ ಹೊಸಪೇಟೆಯ ಮೇಲೆ ಹಾದುಹೋಗಬೇಕು. ಆದರೆ ಲ್ಯಾಬಿಗೆ ಸಂಜೆ ಐದಕ್ಕೇ ಬೀಗ. ಹುಡುಗಿಯರ ಹಾಸ್ಟೆಲ್ ಗೇಟು ಏಳಕ್ಕೆ ಬಂದ್. ಕಂಪ್ಲಿ, ಸಂಡೂರಿನಿಂದ ದಿನಾ ಓಡಾಡುವ ಗೆಳೆಯರು ಬಸ್ಸು ಹಿಡಿದು ಮನೆ ಸೇರಿ ಊಟಕ್ಕೆ ಕೂತಿದ್ದಾರೆ. ಉಪಗ್ರಹ ಬಂತು, ಹೋಯಿತು. ಕೇಳೋರು ಯಾರೂ ಇರಲಿಲ್ಲ.

ಇದು ಒಂದು ದಿನದ ಕಥೆಯಲ್ಲ. ಭೂಮಿಯ ಚಿತ್ರ ತೆಗೆಯುವ ಬಹಳಷ್ಟು ಉಪಗ್ರಹಗಳು ಸನ್ ಸಿಂಕ್ರೋನಸ್ ಕಕ್ಷೆಯಲ್ಲಿ ಸುತ್ತುತ್ತವೆ. ಬೆಳಿಗ್ಗೆ ಹತ್ತರ ಸುಮಾರಿಗೆ ಬಂದದ್ದು ರಾತ್ರಿ ಹತ್ತರ ಸುಮಾರಿಗೆ ಮತ್ತೆ ಬರುತ್ತದೆ. ಬೆಳಿಗ್ಗೆ ನಮಗೆ ಕ್ಲಾಸು, ರಾತ್ರಿ ಬೀಗ. ಐನೂರು ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ವೇಗದಲ್ಲಿ ಓಡುವ ಉಪಗ್ರಹ ನಮ್ಮ ಆಕಾಶದಲ್ಲಿ ಇರೋದು ಹೆಚ್ಚೆಂದರೆ ಹತ್ತು-ಹನ್ನೆರಡು ನಿಮಿಷ. ಅಷ್ಟರಲ್ಲಿ ಆಂಟೆನಾ ಅದರ ಹಿಂದೆ ತಿರುಗಬೇಕು, ಡಾಪ್ಲರ್‌ನಿಂದ ಸರಿಯುವ ಕಂಪನಾಂಕವನ್ನು ರಿಸೀವರ್ ಹಿಂಬಾಲಿಸಬೇಕು. 437 ಮೆಗಾಹರ್ಟ್ಸ್‌ನಲ್ಲಿ ಇದು ಆಚೆ ಈಚೆ ಹತ್ತು ಕಿಲೋಹರ್ಟ್ಸ್‌ವರೆಗೂ ಹೋಗುತ್ತದೆ. "ವಾಚ್‌ಮನ್ ಅಣ್ಣ ಕೀಲಿ ತರ್ತಾನ, ತಡಿ" ಅಂದರೆ ಉಪಗ್ರಹ ತಡೆಯೋದಿಲ್ಲ.

ಅದಕ್ಕೇ ನಾವು ಹೇಳೋದು: ನಮ್ಮ ಸ್ಟೇಷನ್ನನ್ನು ದೂರದಿಂದ ನಡೆಸಲು ಕಾಲೇಜು ಅನುಮತಿ ಕೊಡಬೇಕು. ಹಾಸ್ಟೆಲ್ ರೂಮಿನಿಂದ, ಕಂಪ್ಲಿಯ ಮನೆಯಿಂದ, ಹೆಸರು ನೋಂದಾಯಿಸಿದ ಯಾವ ವಿದ್ಯಾರ್ಥಿಯಾದರೂ ಒಂದು ಪಾಸ್ ನಡೆಸುವಂತಾಗಬೇಕು.

ಇದು ಹುಡುಗಾಟದ ಬೇಡಿಕೆ ಅಲ್ಲ, ದೊಡ್ಡವರು ಮಾಡುವುದೂ ಇದನ್ನೇ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದದ್ದನ್ನು ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಟಿವಿಯಲ್ಲಿ ಕಂಡದ್ದು ಬೆಂಗಳೂರಿನ ಇಸ್ಟ್ರಾಕ್ ನಿಯಂತ್ರಣ ಕೊಠಡಿ. ಮಾತು ಹೋಗಿ ಬರುತ್ತಿದ್ದ ಆಂಟೆನಾಗಳು ಅಲ್ಲಿರಲಿಲ್ಲ. ಬ್ಯಾಲಾಳುವಿನಲ್ಲಿ ನಮ್ಮದೇ 32 ಮೀಟರಿನ ಡಿಶ್ ಇದೆ. ಆದರೆ ಭೂಮಿ ತಿರುಗುತ್ತದೆ, ಚಂದ್ರ ಬ್ಯಾಲಾಳುವಿಗೆ ಮುಳುಗುತ್ತಾನೆ. ಆಗ ಬೇರೆಯವರ ಆಂಟೆನಾ ಬೇಕು. ಆ ಯಾತ್ರೆಗೆ ನಾಸಾದ ಡೀಪ್ ಸ್ಪೇಸ್ ನೆಟ್‌ವರ್ಕ್ ಜೊತೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಕೈ ಜೋಡಿಸಿತ್ತು. ದಕ್ಷಿಣ ಅಮೆರಿಕದ ಕೂರೂ, ಇಂಗ್ಲೆಂಡಿನ ಗೂನ್‌ಹಿಲಿ, ಆಸ್ಟ್ರೇಲಿಯಾದ ನ್ಯೂ ನಾರ್ಸಿಯಾ ಎಲ್ಲಾ ಅದರ ನೆರವಿಗಿದ್ದವು. ಒಬ್ಬರ ಆಂಟೆನಾವನ್ನು ಇನ್ನೊಬ್ಬರು ದೂರದಿಂದ ಬಳಸಲು ಎಲ್ಲರೂ ಒಪ್ಪಿದ ಭಾಷೆ ಬೇಕಲ್ಲ? ಅದಕ್ಕಾಗಿ 1982ರಲ್ಲಿ ಶುರುವಾದ ಸಿಸಿಎಸ್‌ಡಿಎಸ್ ಸಮಿತಿ ಸ್ಪೇಸ್ ಲಿಂಕ್ ಎಕ್ಸ್‌ಟೆನ್ಷನ್ ಎಂಬ ನಿಯಮಾವಳಿ ಮಾಡಿದೆ. ಅದರ ಒಳತಿರುಳು ಸರಳ: ಸೇವೆ ಬಳಸುವವನು ಒಬ್ಬ, ಕೊಡುವವನು ಇನ್ನೊಬ್ಬ. ಯಾವ ಹೊತ್ತಿಗೆ, ಏನೇನು ಸಿಗುತ್ತದೆ ಅನ್ನೋದು ಮೊದಲೇ ಮಾತಾಗಿರುತ್ತದೆ.

ವಿದ್ಯಾರ್ಥಿಗಳ ಲೆಕ್ಕದಲ್ಲೂ ನಾವು ಮೊದಲಿಗರಲ್ಲ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹಾರಿದ ಸ್ಟಡ್‌ಸ್ಯಾಟ್ ಬೆಂಗಳೂರು, ಹೈದರಾಬಾದಿನ ಏಳು ಕಾಲೇಜುಗಳ ಹುಡುಗ ಹುಡುಗಿಯರು ಮಾಡಿದ್ದು. ತೂಕ ಒಂದು ಕೆ.ಜಿ.ಗಿಂತ ಕಡಿಮೆ. ಅದಕ್ಕೆಂದೇ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ಗ್ರೌಂಡ್ ಸ್ಟೇಷನ್ ಎದ್ದಿತು. ಗ್ರೀಸ್‌ನಲ್ಲಿ ಹುಟ್ಟಿದ ಸ್ಯಾಟ್‌ನಾಗ್ಸ್ ಎಂಬ ಓಪನ್ ಸೋರ್ಸ್ ಜಾಲದಲ್ಲಿ ಹವ್ಯಾಸಿಗಳ ಆಂಟೆನಾಗಳು ಸೇರಿವೆ. ಯಾವ ಊರಿನ ಮಾಳಿಗೆಯೋ, ಯಾವ ಊರಿನ ವಿದ್ಯಾರ್ಥಿಯೋ, ಪಾಸ್ ಬುಕ್ ಮಾಡಿದರೆ ರೆಕಾರ್ಡಿಂಗ್ ಸಿಗುತ್ತದೆ. ಒಂದು ರಾಸ್ಪ್‌ಬೆರಿ ಪೈ, ಒಂದು ಅಗ್ಗದ ಎಸ್‌ಡಿಆರ್ ಡಾಂಗಲ್ ಇದ್ದರೆ ಶುರು ಮಾಡಬಹುದು.

ಇನ್ನು ನಮ್ಮ ಸರ್ ಕೇಳಿದ ಪ್ರಶ್ನೆ: "ರಾತ್ರಿ ಮೋಟಾರ್ ಸುಟ್ಟು ಹೋದ್ರ ಯಾರು ಹೊಣೆ?"

ನ್ಯಾಯವಾದ ಪ್ರಶ್ನೆ. ಯಾಕಂದರೆ ನಾವು ಒಂದು ಸಲ ಎಡವಿದ್ದೇವೆ. ಹೋದ ಸೆಮಿಸ್ಟರಿನಲ್ಲಿ ಲ್ಯಾಪ್‌ಟಾಪಿನಿಂದ ರೋಟರ್ ತಿರುಗಿಸುತ್ತಾ ಕೂತಿದ್ದಾಗ ನಡುವೆ ನೆಟ್ ಹೋಯಿತು. "ಬಲಕ್ಕೆ ತಿರುಗು" ಅಂತ ಕೊನೆಗೆ ಕಳಿಸಿದ ಆಜ್ಞೆಯನ್ನೇ ಹಿಡಿದುಕೊಂಡು ರೋಟರ್ ತಿರುಗುತ್ತಲೇ ಇತ್ತು. ಬೆಳಿಗ್ಗೆ ಮೇಲೆ ಹತ್ತಿ ನೋಡಿದರೆ ಕೇಬಲ್ ಕಂಬಕ್ಕೆ ಸುತ್ತಿಕೊಂಡು ಕನೆಕ್ಟರ್ ಕಿತ್ತು ಬಂದಿತ್ತು. "ಲೇ, ಜಾತ್ರಿ ತೇರಿನ ಹಗ್ಗ ಆಗೈತಲ್ಲೋ ಇದು" ಅಂತ ನಕ್ಕೆವು, ಆಮೇಲೆ ನಾವೇ ಪಟ್ಟಿ ಹಾಕಿ ಹೊಸದು ತಂದೆವು. ತಪ್ಪು ನೆಟ್‌ನದ್ದಲ್ಲ, ನಮ್ಮದು. ದೂರದಿಂದ ಕೀಲುಗೊಂಬೆ ಆಡಿಸೋದನ್ನೇ ನಾವು ನಿಯಂತ್ರಣ ಅಂದುಕೊಂಡಿದ್ದೆವು.

ಮಂಗಳಯಾನವನ್ನು ನೆನಪಿಸಿಕೊಳ್ಳಿ. 2014ರ ಸೆಪ್ಟೆಂಬರ್ 24ರಂದು ಅದು ಮಂಗಳನ ಕಕ್ಷೆ ಸೇರುವಾಗ ಇಲ್ಲಿಂದ ಹೊರಟ ಸಂಕೇತ ಅಲ್ಲಿಗೆ ಮುಟ್ಟಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಆದ್ದರಿಂದ ಆಜ್ಞೆಗಳನ್ನು ದಿನಗಳ ಮೊದಲೇ ತುಂಬಿಸಿಟ್ಟಿದ್ದರು, ಎಂಜಿನ್ ಉರಿಸುವ ಕೆಲಸ ನೌಕೆಯೇ ಮಾಡಿಕೊಂಡಿತು. ನಮ್ಮ ಮಾಳಿಗೆಗೂ ಇದೇ ಪಾಠ. ಯೋಜನೆಯನ್ನು ಮೊದಲೇ ಸ್ಟೇಷನ್ನಿಗೆ ಕಳಿಸಬೇಕು, ತಿರುಗಿಸೋದನ್ನು ಅಲ್ಲಿನ ಕಂಪ್ಯೂಟರಿಗೇ ಬಿಡಬೇಕು. ನೆಟ್ ಹೋದರೂ ಪಾಸ್ ನಡೆಯಬೇಕು, ಮುಗಿದ ಮೇಲೆ ಆಂಟೆನಾ ತನ್ನ ಜಾಗಕ್ಕೆ ತಾನೇ ಮರಳಬೇಕು.

ಅದಕ್ಕೆ ಮೂರು ನಿಯಮ ನಾವೇ ಬರೆದುಕೊಂಡಿದ್ದೇವೆ. ಒಂದು, ಪಾಸ್ ನಡೆಯುವಾಗ ಹಿಡಿತ ಒಬ್ಬರ ಕೈಯಲ್ಲಿ ಮಾತ್ರ; ಉಳಿದವರು ನೋಡಬಹುದು, ಮುಟ್ಟುವಂತಿಲ್ಲ. ಎರಡು, ರೋಟರಿನ ಮಿತಿ, ಗಾಳಿ ಜೋರಾದಾಗ ಕೆಲಸ ನಿಲ್ಲಿಸೋದು, ಇವೆಲ್ಲ ಸ್ಟೇಷನ್ನಿನ ಹಕ್ಕು; ದೂರದಿಂದ ಯಾರೂ ಅದನ್ನು ಮೀರುವಂತಿಲ್ಲ. ಮೂರು, ಯಾರು ಎಷ್ಟೊತ್ತಿಗೆ ಏನು ಮಾಡಿದರು ಎಂಬುದು ದಾಖಲಾಗಬೇಕು. ಸರ್, ಇದೇ ನಿಮ್ಮ ಪ್ರಶ್ನೆಗೆ ಉತ್ತರ: ಹೊಣೆ ಯಾರದು ಅಂತ ಹೆಸರು ಸಮೇತ ಬರೆದಿರುತ್ತದೆ. ಸದ್ಯಕ್ಕೆ ನಾವು ಕೇಳುವವರು ಮಾತ್ರ. ಹ್ಯಾಮ್ ಲೈಸೆನ್ಸ್ ಪಡೆಯದೆ ಒಂದು ಸಂಕೇತವನ್ನೂ ಮೇಲಕ್ಕೆ ಕಳಿಸುವುದಿಲ್ಲ.

ಆದರೂ ದೂರದ ನಿಯಂತ್ರಣ ಎಲ್ಲದಕ್ಕೂ ಮದ್ದಲ್ಲ ಅನ್ನೋದನ್ನು ಹೊಸಪೇಟೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಚೈನ್ ತುಂಡಾದ ಮೇಲೆ ಯಾವ ಸ್ವಿಚ್ ಒತ್ತಿದರೂ ಏನು ಬಂತು? ಕನ್ನಯ್ಯ ನಾಯ್ಡು ಅವರಂಥ ಅನುಭವಿಗಳು, ಕೆಲಸಗಾರರು ಹರಿಯುವ ನೀರಿನ ಮೇಲೇ ನಿಂತು ಸ್ಟಾಪ್‌ಲಾಗ್ ಇಳಿಸಬೇಕಾಯಿತು. ನಮ್ಮ ಆಂಟೆನಾ ಅದರ ಮುಂದೆ ಎಷ್ಟರದ್ದು! ಆದರೂ ಮಳೆ ಬಂದ ಮರುದಿನ ಮೇಲೆ ಹತ್ತಿ ಕನೆಕ್ಟರ್ ಬಿಚ್ಚಿ ಒರೆಸೋರು ಬೇಕೇ ಬೇಕು.

ಇಲ್ಲಿ ನಮ್ಮ ತಂಡದ ಹುಡುಗಿಯೊಬ್ಬಳು ಕೇಳಿದ ಮಾತು ನಮ್ಮ ಬಾಯಿ ಮುಚ್ಚಿಸಿತು. "ಅಂದ್ರ ನಮಗ ಲಾಗಿನ್, ನಿಮಗ ಮಾಳಿಗಿ. ಹಿಂಗೇನು?" ಹೌದು, ಅವಳು ಹೇಳಿದ್ದು ಸರಿ. ರಿಮೋಟ್ ಲಾಗಿನ್ ಕೊಟ್ಟೆವು ಅಂತ ಗೇಟಿನ ಪ್ರಶ್ನೆ ಮುಗಿಯೋದಿಲ್ಲ. ಏಣಿ ಹತ್ತುವ ಪಾಳಿಯಲ್ಲಿ ಎಲ್ಲರ ಹೆಸರೂ ಇರಬೇಕು. ವಾರಕ್ಕೊಂದು ರಾತ್ರಿಯಾದರೂ ಮೇಡಂ ಒಬ್ಬರ ಜೊತೆ ಎಲ್ಲರೂ ಮಾಳಿಗೆ ಮೇಲೆ ಕೂತು ಒಂದು ಪಾಸ್ ನೋಡಲು ಅನುಮತಿ ಬೇಕು. ಉಳಿದ ಆರು ರಾತ್ರಿಗೆ ಲಾಗಿನ್ ಸಾಕು.

ಇದು ನಡೆದರೆ ಮುಂದಿನ ದಾರಿಯೂ ಇದೆ. ಹಂಪಿ ಕಡೆ ಬಂಡೆಗುಡ್ಡಗಳು, ಸಂಡೂರಿನಲ್ಲಿ ಬೆಟ್ಟದ ಸಾಲು ದಿಗಂತವನ್ನು ಮುಚ್ಚುತ್ತವೆ. ಕಂಪ್ಲಿಯ ಭತ್ತದ ಬಯಲಿನಲ್ಲಿ ಆಕಾಶ ಅಂಚಿನವರೆಗೂ ತೆರೆದಿದೆ. ಅಲ್ಲಿನ ಗೆಳೆಯರ ಮನೆಯ ಮೇಲೊಂದು ಆಂಟೆನಾ ನಿಂತರೆ ಹೊಸಪೇಟೆಯಿಂದಲೇ ನಡೆಸಬಹುದು.

ಪ್ರಾಂಶುಪಾಲರಿಗೆ ಮನವಿ ಬರೆದಿದ್ದೇವೆ. ಸಹಿ ಹಾಕೋರು ಕ್ಯಾಂಟೀನ್ ಪಕ್ಕದ ನೋಟಿಸ್ ಬೋರ್ಡ್ ಹತ್ರ ಬನ್ನಿ. ಬರುವಾಗ ಏಣಿ ಹತ್ತುವ ಪಾಳಿಗೂ ಹೆಸರು ಕೊಡಿ.